‘ಬರೀ ಉಳುಕು’ ಅನ್ನುವಾಗಿನ ಆ ‘ಬರೀ’

ಸಂಪಾದಕರಿಗೆ ನಮಸ್ಕಾರ.

ಕ್ರೀಡಾ ಪುಟದಲ್ಲಿ ಎಲ್ಲರೂ ಮೊದಲು ಅಂಕಪಟ್ಟಿ ನೋಡುತ್ತಾರೆ. ನಾನು ಮೂಲೆಯಲ್ಲಿ ಎರಡು ಸಾಲು ಬರುವ ಗಾಯದ ಸುದ್ದಿ ಹುಡುಕುತ್ತೇನೆ. ಅಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ‘ಅದೃಷ್ಟಕ್ಕೆ ಮೂಳೆ ಮುರಿದಿಲ್ಲ, ಬರೀ ಉಳುಕು.’ ಕೆಲವು ಸಲ ‘ಮಂಡಿಯ ನರ ಹರಿದಿದೆ’ ಎಂದೂ ಇರುತ್ತದೆ. ಇಪ್ಪತ್ನಾಲ್ಕು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿರುವವಳು ನಾನು. ಕೆಂಪು ಪೆನ್ನು ಹಿಡಿಯುವ ಕೈ ತುರಿಸುತ್ತದೆ. ಆದರೆ ಇದು ಬರೀ ವ್ಯಾಕರಣದ ಸಿಟ್ಟಲ್ಲ. (ನೋಡಿ, ಈ ಪದ ಎಷ್ಟು ಸಲೀಸಾಗಿ ಬಂದುಬಿಡುತ್ತದೆ!) ಈ ‘ಬರೀ’ ನನ್ನ ಎಡಗಾಲಿನ ಎರಡು ವರ್ಷ ತಿಂದಿದೆ.

ಅವತ್ತು ಒಂಬತ್ತನೇ ತರಗತಿಯ ಪ್ರಬಂಧದ ಪುಸ್ತಕಗಳನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ನಲವತ್ತಮೂರು ಪುಸ್ತಕ. ಗದ್ದದವರೆಗೆ ರಾಶಿ, ಪಾದ ಕಾಣುತ್ತಿರಲಿಲ್ಲ. ಮೆಟ್ಟಿಲು ಮುಗಿಯಿತು ಅಂದುಕೊಂಡೆ. ಇನ್ನೊಂದು ಇತ್ತು. ಎಡಪಾದ ಒಳಕ್ಕೆ ಮಗುಚಿಕೊಂಡಿತು, ಮೈಭಾರವೆಲ್ಲ ಪಾದದ ಹೊರ ಅಂಚಿನ ಮೇಲೆ ಬಿತ್ತು. ಒಂದು ಸದ್ದು ಕೇಳಿಸಿತು. ಒಣ ಕಡ್ಡಿ ಮುರಿದ ಸದ್ದಲ್ಲ, ಒದ್ದೆ ಹಗ್ಗವನ್ನು ಜಗ್ಗಿ ಕಿತ್ತ ಹಾಗೆ. ಪುಸ್ತಕಗಳು ಚೆಲ್ಲಾಪಿಲ್ಲಿಯಾದವು. ನಾನು ಕೊನೆಯ ಮೆಟ್ಟಿಲ ಮೇಲೆ ಕೂತು, ಎದುರಿಗೆ ತೆರೆದು ಬಿದ್ದಿದ್ದ ಪುಟದಲ್ಲಿ ಒಬ್ಬ ಹುಡುಗ ‘ವಿಜ್ಞಾನ’ಕ್ಕೆ ಒತ್ತಕ್ಷರವೇ ಹಾಕಿಲ್ಲ ಅನ್ನುವುದನ್ನು ಗಮನಿಸಿದೆ. ನೋವು ಬರುವ ಮೊದಲು ಮನಸ್ಸು ಏನೇನೋ ಮಾಡುತ್ತದೆ.

ಹತ್ತು ನಿಮಿಷದಲ್ಲಿ ಕಣಕಾಲಿನ ಹೊರಗಂಟಿನ ಮುಂದೆ, ಸರಿಯಾಗಿ ಆ ಗುಳಿ ಇರುವ ಜಾಗದಲ್ಲಿ, ಕೋಳಿಮೊಟ್ಟೆಯಷ್ಟು ಊದಿಕೊಂಡಿತು. ಸಹೋದ್ಯೋಗಿಯೊಬ್ಬರು ಓಡಿ ಬಂದರು. ‘ನರ ಹೊರಳಿದೆ ಮೇಡಂ, ತಿಕ್ಕಿದರೆ ಕೂತ್ಕೊಳ್ಳುತ್ತೆ’ ಎಂದು ಹೆಬ್ಬೆರಳಿಟ್ಟು ಗಟ್ಟಿಯಾಗಿ ನೀವಿದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ. ನನಗೆ ಕಣ್ಣು ಕತ್ತಲೆ ಬಂತು. ಒಳಗೆ ಆಗಷ್ಟೇ ಕಿತ್ತುಹೋದ ಸಣ್ಣ ರಕ್ತನಾಳಗಳು ಜಿನುಗುತ್ತಿರುವಾಗ ತಿಕ್ಕಿದರೆ ಇನ್ನಷ್ಟು ಜಿನುಗುತ್ತವೆ. ಮೊದಲ ಎರಡು-ಮೂರು ದಿನ ತಿಕ್ಕುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ವೈದ್ಯರು ಎಕ್ಸ್‌-ರೇ ತೆಗೆಸಿದರು. ಬೆಳಕಿಗೆ ಹಿಡಿದು ನೋಡಿ ನಕ್ಕರು. ‘ಏನೂ ಆಗಿಲ್ಲ. ಬರೀ ಉಳುಕು. ಬ್ಯಾಂಡೇಜ್ ಸುತ್ತಿ, ಮೂರು ವಾರ ಕಾಲು ಊರಬೇಡಿ.’ ನಾನೂ ನಕ್ಕೆ. ಮನೆಗೆ ಬಂದು ಮಗಳಿಗೂ ಅದನ್ನೇ ಹೇಳಿದೆ. ‘ಹಾಗಾದ್ರೆ ಇಷ್ಟು ಯಾಕಮ್ಮ ಊದಿದೆ?’ ಅಂದಳು. ಉತ್ತರ ಇರಲಿಲ್ಲ.

ಉತ್ತರ ಬಹಳ ಸರಳ. ಎಕ್ಸ್‌-ರೇಯಲ್ಲಿ ಮೂಳೆ ಕಾಣುತ್ತದೆ, ಮೂಳೆಗೂ ಮೂಳೆಗೂ ಕಟ್ಟಿರುವ ಪಟ್ಟಿ, ಅಂದರೆ ಲಿಗಮೆಂಟ್, ಕಾಣುವುದಿಲ್ಲ. ‘ಏನೂ ಆಗಿಲ್ಲ’ ಅಂದರೆ ಆ ಚಿತ್ರದಲ್ಲಿ ಕಾಣುವ ವಸ್ತುವಿಗೆ ಏನೂ ಆಗಿಲ್ಲ ಎಂದರ್ಥ. ಅಷ್ಟೇ. ಆ ಪಟ್ಟಿ ಹರಿದಿದೆಯೋ ಇಲ್ಲವೋ ಅನ್ನುವುದು ಕೈಯಿಂದ ಕೀಲನ್ನು ಅಲುಗಾಡಿಸಿ ನೋಡಿದರೆ, ಇಲ್ಲವೇ ಅಲ್ಟ್ರಾಸೌಂಡ್, ಎಂಆರ್‌ಐ ಮಾಡಿದರೆ ಗೊತ್ತಾಗುವ ವಿಷಯ. ಎಲ್ಲರಿಗೂ ಎಂಆರ್‌ಐ ಬೇಕು ಅಂತ ನಾನು ಹೇಳುತ್ತಿಲ್ಲ. ಬೇಕಿಲ್ಲ. ಕಾಣದೇ ಇರುವುದನ್ನು ಇಲ್ಲ ಅನ್ನಬೇಡಿ ಅನ್ನುತ್ತಿದ್ದೇನೆ.

ಹಾಗೆಂದು ಎಕ್ಸ್‌-ರೇ ದಂಡ ಅಂತಲೂ ಅಲ್ಲ. ಯಾವಾಗ ಬೇಕು ಅನ್ನುವುದಕ್ಕೆ ಒಳ್ಳೆಯ ಅಳತೆಗೋಲೇ ಇದೆ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಅವರ ಜೊತೆಗಾರರು 1992ರಲ್ಲಿ ಅದನ್ನು ಪ್ರಕಟಿಸಿದರು. ಕಣಕಾಲಿನ ಒಳಗಂಟು, ಹೊರಗಂಟು ಎರಡರಲ್ಲೂ ಹಿಂದಿನ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ ಒತ್ತಿ ನೋಡುವುದು. ಮೂಳೆಯ ಮೇಲೇ ನೋವಿದ್ದರೆ ಎಕ್ಸ್‌-ರೇ ಬೇಕು. ಪಾದದ ಹೊರ ಅಂಚಿನ ನಡುವೆ, ಕಿರುಬೆರಳಿನ ಸಾಲಿನಲ್ಲಿ ಒಂದು ಮೂಳೆಯ ಬುಡ ಉಬ್ಬಿಕೊಂಡು ಕೈಗೆ ಸಿಗುತ್ತದೆ. ಒಳಪಾದದ ಕಮಾನಿನ ಮೇಲೆ ಇನ್ನೊಂದು ಮೂಳೆ ಇದೆ. ಅಲ್ಲಿ ಒತ್ತಿದರೆ ನೋವಿದ್ದರೂ ಬೇಕು. ಕೊನೆಯದು ಬಹಳ ಮುಖ್ಯ. ಬಿದ್ದ ತಕ್ಷಣವೂ, ವೈದ್ಯರ ಬಳಿ ಬಂದ ಮೇಲೂ ನಾಲ್ಕು ಹೆಜ್ಜೆ ಇಡಲು ಆಗಲೇ ಇಲ್ಲ ಅಂದರೆ ಬೇಕು. ಕುಂಟುತ್ತಾ ಇಟ್ಟರೂ ಅದು ಹೆಜ್ಜೆಯೇ. ನಾನು ಹಲ್ಲು ಕಚ್ಚಿ ಆರು ಹೆಜ್ಜೆ ಇಟ್ಟಿದ್ದೆ. ನನ್ನ ನೋವು ಮೂಳೆಯ ಮೇಲಿರಲಿಲ್ಲ, ಮುಂದಿನ ಗುಳಿಯಲ್ಲಿತ್ತು. ಅಂದರೆ ಎಕ್ಸ್‌-ರೇ ಏನು ಹೇಳುತ್ತದೆ ಅನ್ನುವುದು ತೆಗೆಯುವ ಮೊದಲೇ ಹೆಚ್ಚುಕಮ್ಮಿ ಗೊತ್ತಿದ್ದ ಸಂಗತಿ. ಅದರ ಆಚೆಗೆ ಏನು ಅನ್ನುವುದನ್ನೇ ಯಾರೂ ಮಾತಾಡಲಿಲ್ಲ.

ಮೂರನೇ ದಿನ ನೀಲಿ ಕಲೆ ಹಿಮ್ಮಡಿಗೆ ಇಳಿಯಿತು. ಐದನೇ ದಿನ ಕಾಲ್ಬೆರಳುಗಳ ಬುಡಕ್ಕೆ. ಗಾಬರಿಯಾಯಿತು, ಹರಡುತ್ತಿದೆ ಅಂದುಕೊಂಡೆ. ಸುಮ್ನೆ ಹೆದರಿದ್ದೆ. ಒಳಗೆ ಸೋರಿದ ರಕ್ತ ತನ್ನ ಭಾರಕ್ಕೆ ಕೆಳಗಿಳಿಯುತ್ತದೆ, ಅಷ್ಟೇ. ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಎರಡು ವಾರದಲ್ಲಿ ಮಾಯವಾಯಿತು. ಮೂರು ವಾರ ಮುಗಿಯಿತು. ಬ್ಯಾಂಡೇಜ್ ಬಿಚ್ಚಿದೆ. ಗುಣವಾಯಿತು ಅಂತ ಶಾಲೆಗೆ ಹೊರಟೆ.

ನಾಲ್ಕು ತಿಂಗಳ ನಂತರ ಅದೇ ಕಾಲು ಮತ್ತೆ ಹೊರಳಿತು. ಈ ಸಲ ಮೆಟ್ಟಿಲೂ ಇಲ್ಲ, ಪುಸ್ತಕವೂ ಇಲ್ಲ. ಸಪಾಟು ನೆಲ, ಮೇಲೆ ಒಂದು ಸಣ್ಣ ಬೆಣಚುಕಲ್ಲು. ಆಮೇಲೆ ಇನ್ನೊಮ್ಮೆ. ಆಮೇಲೆ ಲೆಕ್ಕ ಇಡುವುದನ್ನು ಬಿಟ್ಟೆ. ನಡೆಯುವಾಗ ಕಣ್ಣು ಸದಾ ನೆಲದ ಮೇಲೆ. ಪರಿಚಯದವರು ಎದುರಿಗೆ ಬಂದರೂ ನೋಡದೆ ಹೋಗುತ್ತೇನೆ ಎಂದು ಜಂಭಗಾತಿ ಅನ್ನಿಸಿಕೊಂಡೆ.

ಎರಡನೇ ವರ್ಷದ ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡ ಹುಡುಗಿ. ಕಾಲನ್ನು ಮುಟ್ಟುವ ಮೊದಲೇ, ‘ಮೇಡಂ, ಬಲಗಾಲ ಮೇಲೆ ನಿಂತ್ಕೊಳ್ಳಿ, ಎಡಗಾಲು ಎತ್ತಿ’ ಅಂದಳು. ನಿಂತೆ. ಮೂವತ್ತು ಎಣಿಸಿ ಸಾಕು ಅಂದಳು. ‘ಈಗ ಎಡಗಾಲ ಮೇಲೆ.’ ಒಂದು, ಎರಡು, ಮೂರು, ನಾಲ್ಕು. ಗೋಡೆ ಹಿಡಿದೆ. ನಾಚಿಕೆಯಾಯಿತು. ಇನ್ನೊಮ್ಮೆ ಪ್ರಯತ್ನಿಸಿದೆ, ಮತ್ತೆ ನಾಲ್ಕು. ಬಗ್ಗಿ ನೋಡಿದರೆ ಪಾದ ನೀರಿನಿಂದ ತೆಗೆದ ಮೀನಿನ ಹಾಗೆ ಒದ್ದಾಡುತ್ತಿತ್ತು. ಬೆರಳುಗಳು ನೆಲವನ್ನು ಪರಚಿ ಹಿಡಿಯುತ್ತಿದ್ದವು.

ಆಮೇಲೆ ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಣಕಾಲಿನ ಹೊರಗಡೆ ಮೂರು ಲಿಗಮೆಂಟ್‌ಗಳಿವೆ. ಮುಂದಿನದು ಎಲ್ಲಕ್ಕಿಂತ ದುರ್ಬಲ. ಉದ್ದ ಹೆಚ್ಚೆಂದರೆ ಎರಡು ಸೆಂ.ಮೀ. ಚಿಲ್ಲರೆ. ಪಾದ ಒಳಕ್ಕೆ ಮಗುಚಿದಾಗ ಮೊದಲು ಕಿತ್ತುಹೋಗುವುದು ಅದೇ. ಒಳಗಡೆಯ ಲಿಗಮೆಂಟ್ ಅಗಲವಾಗಿ, ಗಟ್ಟಿಯಾಗಿದೆ. ಹಾಗಾಗಿ ಕಾಲು ಹೊರಕ್ಕೆ ಮಗುಚಿ ಉಳುಕುವುದು ಕಮ್ಮಿ. ಇಷ್ಟು ಪುಸ್ತಕದ ವಿಷಯ. ನನ್ನ ತಲೆಗೆ ಹೊಳೆಯದಿದ್ದ ವಿಷಯ ಬೇರೆಯದು. ಲಿಗಮೆಂಟ್ ಅಂದರೆ ಹಗ್ಗ ಮಾತ್ರ ಅಲ್ಲ, ಅದರೊಳಗೆ ಸಣ್ಣ ನರತುದಿಗಳಿವೆ. ಕೀಲು ಈಗ ಎಷ್ಟು ಬಾಗಿದೆ, ಎಷ್ಟು ಬೇಗ ಬಾಗುತ್ತಿದೆ ಅನ್ನುವ ವರದಿಯನ್ನು ಅವು ಮೇಲಕ್ಕೆ ಕಳಿಸುತ್ತಿರುತ್ತವೆ. ಪಾದ ಮಗುಚಲು ಶುರುವಾದರೆ ಕೆಳಗಾಲಿನ ಹೊರಮಗ್ಗುಲ ಸ್ನಾಯುಗಳು ಅದನ್ನು ಎಳೆದು ಸರಿಮಾಡಬೇಕು. ಹಗ್ಗ ಹರಿದಾಗ ವರದಿಗಾರನಿಗೂ ಪೆಟ್ಟಾಗುತ್ತದೆ. ಸುದ್ದಿ ತಡವಾಗಿ ತಲುಪುತ್ತದೆ. ಸ್ನಾಯು ಎಚ್ಚೆತ್ತುಕೊಳ್ಳುವ ಹೊತ್ತಿಗೆ ನಾವು ನೆಲದ ಮೇಲೆ. ತಡವಾಗಿ ಬಂದ ಸುದ್ದಿಯ ಬೆಲೆ ಎಷ್ಟು ಅಂತ ಪತ್ರಿಕೆಯವರಿಗೆ ನಾನು ಹೇಳಬೇಕಾಗಿಲ್ಲ, ಅಲ್ವಾ?

ಇದು ಹೊಸ ವಿದ್ಯೆ ಏನಲ್ಲ. 1965ರಲ್ಲೇ ಮೈಕೇಲ್ ಫ್ರೀಮನ್ ಎಂಬ ಮೂಳೆ ತಜ್ಞರು ಇದನ್ನು ಬರೆದಿದ್ದರು. ಉಳುಕಿದ ಕಾಲು ಪದೇ ಪದೇ ಕೈಕೊಡುವುದಕ್ಕೆ ಲಿಗಮೆಂಟ್ ಸಡಿಲವಾಗಿರುವುದು ಒಂದೇ ಕಾರಣವಲ್ಲ, ಈ ಅರಿವು ಕೆಟ್ಟಿರುವುದೂ ಕಾರಣ, ಓಲಾಡುವ ಹಲಗೆಯ ಮೇಲೆ ನಿಂತು ಅಭ್ಯಾಸ ಮಾಡಿದರೆ ಅದು ಸುಧಾರಿಸುತ್ತದೆ ಎಂದು. ನಾನು ಹುಟ್ಟುವ ಮೊದಲಿನ ಮಾತು. ನನ್ನ ಕಾಲಿನವರೆಗೆ ಬರಲು ಅದಕ್ಕೆ ಅರ್ಧ ಶತಮಾನಕ್ಕಿಂತ ಜಾಸ್ತಿ ಬೇಕಾಯಿತು.

ಈಗ ‘ನರ’ದ ವಿಷಯಕ್ಕೆ ಬರುತ್ತೇನೆ, ಇದು ನನ್ನ ಕಸುಬಿಗೆ ಸೇರಿದ್ದು. ನಾವು ಮೈಯೊಳಗೆ ದಾರದ ಹಾಗಿರುವ ಎಲ್ಲದಕ್ಕೂ ನರ ಅಂದುಬಿಡುತ್ತೇವೆ. ಕೈಯ ಮೇಲೆ ನೀಲಿಯಾಗಿ ಉಬ್ಬಿದ್ದು ನರ, ಅದು ರಕ್ತನಾಳ. ಹಿಮ್ಮಡಿಯ ಹಿಂದೆ ಬಿಗಿಯಾಗಿ ಸಿಗುವುದು ನರ, ಅದು ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್. ಕಣಕಾಲಲ್ಲಿ ಹರಿದದ್ದು ನರ, ಅದು ಲಿಗಮೆಂಟ್. ಪದ ಒಂದೇ ಆದಾಗ ಮದ್ದೂ ಒಂದೇ ಆಗಿಬಿಡುತ್ತದೆ. ನರ ‘ಹೊರಳಿದೆ’ ಅಂದಮೇಲೆ ಅದನ್ನು ತಿಕ್ಕಿ ಜಾಗಕ್ಕೆ ಕೂರಿಸಬೇಕು ಎಂದು ಕೈ ತಾನಾಗಿ ಹೋಗುತ್ತದೆ. ಲಿಗಮೆಂಟ್ ಹೊರಳುವ ವಸ್ತುವಲ್ಲ. ಅದು ಹಿಗ್ಗುತ್ತದೆ, ಅರ್ಧ ಹರಿಯುತ್ತದೆ, ಇಲ್ಲವೇ ಪೂರ್ತಿ ಹರಿಯುತ್ತದೆ. ವೈದ್ಯರು ಒಂದು, ಎರಡು, ಮೂರನೇ ದರ್ಜೆ ಅನ್ನುವುದು ಇದಕ್ಕೇ.

ವಿಜ್ಞಾನ ಪುಸ್ತಕದಲ್ಲಿ ಲಿಗಮೆಂಟ್‌ಗೆ ‘ಅಸ್ಥಿರಜ್ಜು’ ಎಂಬ ಪದ ಇದೆ. ಅಸ್ಥಿ ಅಂದರೆ ಮೂಳೆ, ರಜ್ಜು ಅಂದರೆ ಹಗ್ಗ. ನಮ್ಮ ತರಗತಿಯ ಹುಡುಗನೊಬ್ಬ ಅದನ್ನು ‘ಅಸ್ಥಿರ... ಜ್ಜು’ ಎಂದು ಬಿಡಿಸಿ ಓದಿದ. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ತಪ್ಪು ಅನ್ನಿಸಲಿಲ್ಲ. ನನ್ನದು ನಿಜಕ್ಕೂ ಅಸ್ಥಿರವೇ ಆಗಿತ್ತು. ಪತ್ರಿಕೆಯಲ್ಲಿ ಅಷ್ಟು ಭಾರದ ಪದ ಬೇಡ. ಲಿಗಮೆಂಟ್ ಎಂದೇ ಬರೆಯಿರಿ, ಜನಕ್ಕೆ ಗೊತ್ತಾಗುತ್ತದೆ. ನರ ಅಂತ ಮಾತ್ರ ಬರೆಯಬೇಡಿ.

ವಿಶ್ರಾಂತಿಯ ಬಗ್ಗೆಯೂ ಒಂದು ಮಾತು ಇದೆ. ವಿಶ್ರಾಂತಿ, ಐಸು, ಬಿಗಿ ಪಟ್ಟಿ, ಕಾಲು ಎತ್ತರದಲ್ಲಿ ಇಡುವುದು: ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ‘ರೈಸ್’ ಎಂದು ಹೆಸರು ಕೊಟ್ಟವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, 1978ರಲ್ಲಿ. ಇವತ್ತಿಗೂ ಎಲ್ಲರ ಬಾಯಲ್ಲಿ ಅದೇ. ಆದರೆ ಅದೇ ಮಿರ್ಕಿನ್ ಸುಮಾರು ಮೂವತ್ತೈದು ವರ್ಷದ ನಂತರ, ಐಸು ಮತ್ತು ಪೂರ್ತಿ ವಿಶ್ರಾಂತಿ ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನೇ ತಿದ್ದಿಕೊಂಡರು. ಇಂಥವರನ್ನು ಕಂಡರೆ ನನಗೆ ಗೌರವ. ನಾನು ಬೋರ್ಡಿನ ಮೇಲಿನ ಒಂದು ಕಾಗುಣಿತ ತಿದ್ದಿಕೊಳ್ಳಬೇಕಾದರೂ ಹಿಂದೆಮುಂದೆ ನೋಡುತ್ತೇನೆ. 2019ರಲ್ಲಿ ಇಬ್ಬರು ಫಿಸಿಯೋಥೆರಪಿಸ್ಟರು ‘ಪೀಸ್ ಅಂಡ್ ಲವ್’ ಎಂದು ಹೊಸ ಹೆಸರು ಕಟ್ಟಿದರು. ಮೊದಲ ದಿನಗಳಲ್ಲಿ ಕಾಲಿಗೆ ರಕ್ಷಣೆ ಕೊಡಿ, ಆಮೇಲೆ ನೋವು ತಡೆಯುವಷ್ಟು ಮಟ್ಟಿಗೆ ಭಾರ ಹಾಕುತ್ತಾ ಹೋಗಿ ಅನ್ನುವುದು ಅದರ ತಿರುಳು. ನೋವು ಕಮ್ಮಿಯಾಗಲು ಸ್ವಲ್ಪ ಹೊತ್ತು ಐಸು ಇಟ್ಟುಕೊಂಡರೆ ದೊಡ್ಡ ಅಪರಾಧವೇನಲ್ಲ. ಬಟ್ಟೆ ಸುತ್ತಿ ಇಡಿ, ಚರ್ಮ ಸುಟ್ಟೀತು.

ಭಾರ ಯಾಕೆ ಹಾಕಬೇಕು? ಹರಿದ ಜಾಗದಲ್ಲಿ ಹೊಸ ಎಳೆಗಳು ಮೊದಲ ಕೆಲವು ವಾರ ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ, ಬಾಚದ ಕೂದಲಿನ ಹಾಗೆ. ಕಾಲನ್ನು ಹದವಾಗಿ ಬಳಸಿದಾಗ, ಎಳೆತ ಬೀಳುವ ದಿಕ್ಕಿನಲ್ಲಿ ಅವು ಸಾಲಾಗುತ್ತವೆ. ಪೂರ್ತಿ ಗಟ್ಟಿಯಾಗಲು ತಿಂಗಳುಗಳು ಬೇಕು. ಕೆಲವರಿಗೆ ವರ್ಷವೂ ಹಿಡಿಯುತ್ತದೆ. ನೋವು ಹೋಗುವುದು ಮಾತ್ರ ಅದಕ್ಕಿಂತ ಎಷ್ಟೋ ಮೊದಲು. ಮೋಸ ಆಗುವುದು ಇಲ್ಲೇ. ತೀವ್ರವಾಗಿ ಉಳುಕಿದವರಿಗೆ ಹತ್ತು ದಿನದ ಮಟ್ಟಿಗೆ ಪ್ಲಾಸ್ಟರ್ ಹಾಕಿ ಕಾಲು ಅಲುಗಾಡದಂತೆ ಇಡುವುದು ಅನುಕೂಲವೇ. ಅದು ಬೇರೆ. ನನ್ನ ಹಾಗೆ ಮೂರು ವಾರ ಸೋಫಾ ಮೇಲೆ ಕೂತು, ಆಮೇಲೆ ಏನೂ ಮಾಡದೆ ಎದ್ದು ಹೋಗುವುದು ಬೇರೆ. ಇನ್ನೊಂದು ಸಮಾಧಾನದ ಸಂಗತಿ: ಕಣಕಾಲಿನ ಲಿಗಮೆಂಟ್ ಪೂರ್ತಿ ಹರಿದರೂ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ. ವ್ಯಾಯಾಮ ಬೇಕು.

ನನ್ನ ವ್ಯಾಯಾಮ ಕೇಳಿದರೆ ನಗುತ್ತೀರಿ. ಬೆಳಗ್ಗೆ ಹಲ್ಲುಜ್ಜುವಾಗ ಎಡಗಾಲು, ರಾತ್ರಿ ಹಲ್ಲುಜ್ಜುವಾಗ ಎಡಗಾಲು. ಮೂವತ್ತು ಸೆಕೆಂಡು ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲಲು ಹೇಳಿದಳು. ಕಣ್ಣು ಮುಚ್ಚಿದ ತಕ್ಷಣ ಮೂವತ್ತು ಹೋಗಿ ಮೂರಕ್ಕೆ ಬಂತು! ಅಷ್ಟು ದಿನ ನನ್ನನ್ನು ನಿಲ್ಲಿಸಿದ್ದು ಕಾಲಲ್ಲ, ಕಣ್ಣು ಎಂದು ಆಗ ಗೊತ್ತಾಯಿತು. ಜೊತೆಗೆ ರಬ್ಬರ್ ಪಟ್ಟಿ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯುವುದು, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಶಾಲೆಯಲ್ಲಿ ಉಕ್ತಲೇಖನ ಕೊಡುವಾಗ ಮೇಜಿನ ಹಿಂದೆ ಕದ್ದು ಒಂಟಿಕಾಲಲ್ಲಿ ನಿಲ್ಲುತ್ತಿದ್ದೆ. ಮುಂದಿನ ಬೆಂಚಿನವರು ಕಂಡುಹಿಡಿದರು. ‘ಮಿಸ್, ನಿಮಗೆ ಯಾರು ಶಿಕ್ಷೆ ಕೊಟ್ಟಿದ್ದು?’ ಎಂದು ಕೇಳಿದರು. ಮೂರು ತಿಂಗಳು ಬಿಡದೆ ಮಾಡಿದೆ. ಆಮೇಲೆ ಇವತ್ತಿನವರೆಗೆ ಒಮ್ಮೆಯೂ ಹೊರಳಿಲ್ಲ. ಆಡುವವರಾದರೆ, ಒಮ್ಮೆ ಉಳುಕಿದ ಕಾಲಿಗೆ ಆಟದ ಹೊತ್ತಿನಲ್ಲಿ ಕಣಕಾಲು ಪಟ್ಟಿ ಹಾಕಿಕೊಳ್ಳುವುದೂ ಒಳ್ಳೆಯದು.

ಮಕ್ಕಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಹೋದ ವರ್ಷ ಏಳನೇ ತರಗತಿಯ ಹುಡುಗಿಯೊಬ್ಬಳು ಹಾರಿ ಬಿದ್ದಳು. ಸುತ್ತಲಿದ್ದವರೆಲ್ಲ ‘ಬರೀ ಉಳುಕು’ ಅಂದರು. ಹೊರಗಂಟಿನ ಮೂಳೆಯ ಮೇಲೆ ಮೆಲ್ಲಗೆ ಒತ್ತಿದೆ, ಕಿರುಚಿದಳು. ತೋರಿಸಲೇಬೇಕು ಎಂದು ಹಟ ಹಿಡಿದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರ ಇರುತ್ತದೆ, ಮೂಳೆ ಉದ್ದವಾಗುವುದು ಅಲ್ಲಿಂದಲೇ. ಎಷ್ಟೋ ಸಲ ಅದಕ್ಕಿಂತ ಲಿಗಮೆಂಟೇ ಗಟ್ಟಿ. ದೊಡ್ಡವರಲ್ಲಿ ಹಗ್ಗ ಕೀಳುವ ಪೆಟ್ಟು ಮಕ್ಕಳಲ್ಲಿ ಗೂಟವನ್ನೇ ಸಡಿಲ ಮಾಡಬಹುದು. ಅವಳಿಗೆ ಆಗಿದ್ದೂ ಅದೇ. ಪ್ಲಾಸ್ಟರ್ ಹಾಕಿದರು, ಈಗ ಚೆನ್ನಾಗಿದ್ದಾಳೆ.

ನನ್ನ ತಮ್ಮನದು ಹೆಬ್ಬೆರಳು. ಬೈಕಿನಿಂದ ಬಿದ್ದಾಗ ಹ್ಯಾಂಡಲ್ ಬಿಡಲಿಲ್ಲ. ‘ಬೆರಳು ಉಳುಕಿದೆ’ ಎಂದು ಸುಮ್ಮನಿದ್ದ. ಬೀಗದಕೈ ತಿರುಗಿಸಲು ಆಗದಿದ್ದಾಗ ತೋರಿಸಿದ. ಹೆಬ್ಬೆರಳಿನ ಬುಡದ ಒಳಗಡೆಯ ಲಿಗಮೆಂಟ್ ಪೂರ್ತಿ ಹರಿದರೆ, ಕೆಲವು ಸಲ ಅದರ ತುದಿ ಮಡಚಿಕೊಂಡು ಪಕ್ಕದ ಪೊರೆಯ ಮೇಲೆ ಸಿಕ್ಕಿಕೊಳ್ಳುತ್ತದೆ. ಆಗ ಎಷ್ಟು ಕಟ್ಟಿಟ್ಟರೂ ತಾನಾಗಿ ಕೂಡುವುದಿಲ್ಲ, ಆಪರೇಷನ್ನೇ ಆಗಬೇಕು. ಅವನಿಗೆ ಆಯಿತು.

ಮಂಡಿಯ ಬಗ್ಗೆ ನೀವು ಹೆಚ್ಚು ಬರೆಯುತ್ತೀರಿ, ಆದ್ದರಿಂದ ಇದು ನಿಮಗೇ. ಓಡುತ್ತಾ ಗಕ್ಕನೆ ತಿರುಗಿದಾಗ ‘ಟಪ್’ ಎಂದು ಸದ್ದಾಗಿ, ಒಂದೆರಡು ಗಂಟೆಯೊಳಗೆ ಮಂಡಿ ದಪ್ಪಗೆ ಊದಿಕೊಂಡರೆ ಒಳಗೆ ರಕ್ತ ತುಂಬಿದೆ ಎಂದರ್ಥ. ಎಸಿಎಲ್ ಎಂಬ ಮಂಡಿಯೊಳಗಿನ ಲಿಗಮೆಂಟ್ ಹರಿದಿರುವ ಸಂಭವ ಜಾಸ್ತಿ. ಮರುದಿನ ನಿಧಾನಕ್ಕೆ ಊದುವುದು ಬೇರೆ ಕತೆ. ಮಂಡಿಯ ಒಳಮಗ್ಗುಲ ಲಿಗಮೆಂಟ್ ಸಾಮಾನ್ಯವಾಗಿ ಆಪರೇಷನ್ ಇಲ್ಲದೆ ಕೂಡಿಕೊಳ್ಳುತ್ತದೆ. ಕೀಲಿನ ನಡುವೆ ಇರುವ ಎಸಿಎಲ್ ಹಾಗೆ ಸುಲಭವಾಗಿ ಕೂಡುವುದಿಲ್ಲ. ಅದಕ್ಕೆ ಆಪರೇಷನ್ ಆದ ಆಟಗಾರ ಒಂಬತ್ತು ತಿಂಗಳೊಳಗೆ ಮೈದಾನಕ್ಕೆ ಇಳಿದರೆ ಮತ್ತೆ ಗಾಯವಾಗುವ ಅಪಾಯ ಹೆಚ್ಚು. ನಿಮ್ಮಲ್ಲಿ ಮಾತ್ರ ಆರೇ ತಿಂಗಳಿಗೆ ಮರಳಿದವರಿಗೆ ‘ಛಲಗಾರ’ ಎಂಬ ಶೀರ್ಷಿಕೆ ಸಿಗುತ್ತದೆ. ಅದನ್ನು ಓದುವ ಹದಿನಾರರ ಹುಡುಗರು ನನ್ನ ತರಗತಿಯಲ್ಲಿ ಕೂತಿದ್ದಾರೆ.

ಹಾಗಾಗಿ ಎರಡು ಕೋರಿಕೆ. ಗಾಯದ ಸುದ್ದಿ ಬರೆಯುವಾಗ ಯಾವ ಕೀಲು, ಎಷ್ಟನೇ ದರ್ಜೆ, ಎಷ್ಟು ತಿಂಗಳು ಎಂದು ಕೇಳಿ ಬರೆಯಿರಿ. ಗೊತ್ತಾಗದಿದ್ದರೆ ‘ಲಿಗಮೆಂಟ್ ಗಾಯ’ ಎಂದಷ್ಟೇ ಸಾಕು. ಇನ್ನೊಂದು, ಆ ‘ಬರೀ’ಯನ್ನು ತೆಗೆಯಿರಿ. ಎರಡಕ್ಷರ ಉಳಿಯುತ್ತದೆ, ನಿಮಗೂ ಜಾಗದ ಕೊರತೆ ಇದ್ದೇ ಇರುತ್ತದಲ್ಲ.

ಅಂದಹಾಗೆ, ಎಡಗಾಲು, ಕಣ್ಣು ಮುಚ್ಚಿ: ನಿನ್ನೆ ರಾತ್ರಿಯ ಲೆಕ್ಕ ಹತ್ತೊಂಬತ್ತು. ಬಲಗಾಲು ಹದಿನಾಲ್ಕು. ಈಗ ಅದಕ್ಕೂ ಶುರು ಮಾಡಿದ್ದೇನೆ.

ಇಂತಿ,
ಒಬ್ಬ ಕನ್ನಡ ಶಿಕ್ಷಕಿ